ಬಾಯಾಗ ನೀರ್ ಹಾಕ್ರೋ!

ವಾಡಿ ರಸ್ತೆಯಲ್ಲಿ ಕಾಕಾನ ಬೈಕು ಶಹಾಬಾದ ಕಲ್ಲು ತುಂಬಿದ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿದಾಗ ನಾನು ಬಿ.ಇ. ಮೂರನೇ ವರ್ಷ, ರಜೆಗೆ ಊರಿಗೆ ಬಂದಿದ್ದೆ. ಓಡಿ ಹೋಗುವಷ್ಟರಲ್ಲಿ ಜನ ಸೇರಿದ್ದರು. ಕಾಕಾಗೆ ಎಚ್ಚರ ಇರಲಿಲ್ಲ. "ಬಾಯಾಗ ನೀರ್ ಹಾಕ್ರೋ" ಅಂತ ಯಾರೋ ಕೂಗಿದರು. ಹಾಕಿದೆ. ಆಗಿನ್ನೂ 108 ಬಂದಿರಲಿಲ್ಲ. ನಾಲ್ಕು ಮಂದಿ ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಿದ್ವಿ. ಕಲಬುರಗಿವರೆಗೂ ಅವರ ತಲೆ ನನ್ನ ತೊಡೆ ಮೇಲೆ ಅತ್ತಿತ್ತ ಹೊರಳ್ತಾನೇ ಇತ್ತು.

ಕಾಕಾ ಉಳಿದರು. ಆದರೆ ಬಲಗೈ ಮೊದಲಿನಂತಾಗಲಿಲ್ಲ.

ಏಳು ವರ್ಷದ ನಂತರ ಬೆಂಗಳೂರಿನ ಆಫೀಸಿನಲ್ಲಿ ಪ್ರಥಮ ಚಿಕಿತ್ಸೆ ತರಬೇತಿ. ನೆಲದ ಮೇಲೆ ಒಂದು ರಬ್ಬರ್ ಗೊಂಬೆ. ಈ ಗೊಂಬೆಯ ಮೂಲ ರೂಪವನ್ನು 1960ರಲ್ಲಿ ಮಾಡಿದ್ದು ನಾರ್ವೆಯ ಆಸ್ಮುಂಡ್ ಲೇರ್ಡಾಲ್, ಆಟಿಕೆ ತಯಾರಿಸುತ್ತಿದ್ದ ಮನುಷ್ಯ. ಕಲಿಸಲು ಬಂದ ನರ್ಸ್ ಮೊದಲು ನರಶಸ್ತ್ರಚಿಕಿತ್ಸೆ ವಾರ್ಡಿನಲ್ಲಿದ್ದವರು. "ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಪೆಟ್ಟು ತಿಂದ ಮಿದುಳಿಗೆ ಆಮೇಲೆ ಆಮ್ಲಜನಕ ಕಡಿಮೆಯಾದರೆ ಅದು ಎರಡನೇ ಪೆಟ್ಟು" ಅಂದರು. ನನಗೆ ಕೂರಲಾಗಲಿಲ್ಲ, ಎದ್ದು ಹೊರಗೆ ಹೋದೆ.

ಆವತ್ತು ರಾತ್ರಿಯಿಂದ ಓದತೊಡಗಿದೆ. 1974ರಲ್ಲಿ ಗ್ಲಾಸ್ಗೋದ ಇಬ್ಬರು ನರಶಸ್ತ್ರಚಿಕಿತ್ಸಕರು, ಟೀಸ್‌ಡೇಲ್ ಮತ್ತು ಜೆನೆಟ್, ಒಂದು ಅಂಕಪಟ್ಟಿ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ರೂಪದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಚಲನೆಗೆ 6. ಒಟ್ಟು 15, ತೀರಾ ಕಡಿಮೆ ಅಂದ್ರೆ 3, 8 ಅಥವಾ ಅದಕ್ಕಿಂತ ಕೆಳಗಿದ್ದರೆ ತೀವ್ರ ಪೆಟ್ಟು. ಯಂತ್ರ ಬೇಡ, ಕಣ್ಣು ಕಿವಿ ಕೈ ಸಾಕು. ತಲೆ ತೆರೆಯಬಲ್ಲ ತಜ್ಞರು ವಾರ್ಡಿನ ನರ್ಸಿಗೂ ಕಲಿಸಬಹುದಾದ್ದನ್ನು ಕಂಡುಹಿಡಿದರಲ್ಲ, ಅದು ನನಗೆ ದೊಡ್ಡದು ಅನ್ನಿಸಿತು. ನಮ್ಮ ನಿಮ್ಹಾನ್ಸ್ ಆದದ್ದೂ ಅದೇ 1974ರಲ್ಲಿ. ಮೊದಲ ನಿರ್ದೇಶಕರು ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮಾ. ಆದರೆ ಅದು ನಮ್ಮೂರಿಂದ ಸುಮಾರು 600 ಕಿಲೋಮೀಟರ್ ದೂರ. ಕಾಕಾನ ತಲೆಯನ್ನು ಮೊದಲು ಮುಟ್ಟಿದ್ದು ನನ್ನ ಕೈ.

ನಮ್ಮ ಕೆಲಸದಲ್ಲಿ ಟೆಸ್ಟ್ ಸರ್ವರ್ ಅಂತ ಇರುತ್ತೆ. ಎಷ್ಟು ತಪ್ಪು ಮಾಡಿದರೂ ಯಾರಿಗೂ ನೋವಾಗಲ್ಲ. ವೈದ್ಯಕೀಯ ಕಾಲೇಜುಗಳ ಸಿಮ್ಯುಲೇಷನ್ ಲ್ಯಾಬೂ ಅದೇ: ಗೊಂಬೆಯ ಉಸಿರು ನಿಲ್ಲುತ್ತೆ, ವಿದ್ಯಾರ್ಥಿ ತಪ್ಪು ಮಾಡ್ತಾನೆ, ಕೂತು ಚರ್ಚಿಸಿ ಮತ್ತೆ ಮಾಡ್ತಾನೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಸಿಮೆಂಟ್ ಲಾರಿ ಓಡಾಡುವ ರಸ್ತೆಯಲ್ಲಿ ನಿಂತವರಿಗೆ ಗೊಂಬೆ ಎಲ್ಲಿಂದ ಬರಬೇಕು? ನಾವು ನೇರ ಮನುಷ್ಯರ ಮೇಲೇ ಕಲೀತೀವಿ.

ಹೋದ ದಸರಾಕ್ಕೆ ನಮ್ಮೂರ ಶಾಲೆಯಲ್ಲಿ, ಆ ನರ್ಸನ್ನೇ ಕರ್ಕೊಂಡು ಹೋಗಿ ಒಂದು ತರಬೇತಿ ಮಾಡಿಸಿದೆ. ಗೊಂಬೆ ಸಿಗಲಿಲ್ಲ. "ನಾನೇ ಬೀಳ್ತೀನಿ ತಗೋ, ನನಗ ರೂಢಿ ಅದ" ಅಂತ ಕಾಕಾ ನೆಲದ ಮೇಲೆ ಮಲಗೇಬಿಟ್ಟರು! ಒಬ್ಬ ತಲೆ-ಕುತ್ತಿಗೆ ಅಲುಗದಂತೆ ಹಿಡಿಯೋದು, ಮೂವರು ಮೈಯನ್ನು ಒಂದೇ ಹಲಗೆಯಂತೆ ಹೊರಳಿಸೋದು, ಇನ್ನೊಬ್ಬ 108ಕ್ಕೆ ಫೋನ್. ಟ್ರ್ಯಾಕ್ಟರ್ ಡ್ರೈವರುಗಳು ಎರಡೆರಡು ಸಲ ಮಾಡಿದರು. ಮಧ್ಯೆ ಹುಡುಗನೊಬ್ಬ ರೂಢಿ ಮೇಲೆ ನೀರಿನ ಚೆಂಬು ತಂದ. ಕಾಕಾ ಒಂದು ಕಣ್ಣು ತೆಗೆದು, "ನೀರ್ ಬ್ಯಾಡೋ ತಮ್ಮಾ" ಅಂದರು. ಎಲ್ಲರೂ ನಕ್ಕರು.

ಆವತ್ತು ನೀರು ಹಾಕಿದ್ದು ನಾನು ಅಂತ ಕಾಕಾಗೆ ಇನ್ನೂ ಹೇಳಿಲ್ಲ.