ಜಪಾನ್ ಬದಲು ಶಂಶಾಬಾದ್

ಅಕ್ಕನ ಮಗಳು ಪುಟ್ಟಿ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು ಹೈದರಾಬಾದಿನಲ್ಲಿ ಇಂಟರ್ ಓದಿದಳು. ದೆಹಲಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ ಜಪಾನ್ ತೋರಿಸುತ್ತೇನೆ ಎಂದು ಮಾತು ಕೊಟ್ಟವನು ನಾನೇ. ಕ್ಯೋಟೋದ ಫುಶಿಮಿ ಇನಾರಿ ದೇವಾಲಯದ ಕೆಂಪು ಕಮಾನುಗಳ ಚಿತ್ರವೊಂದನ್ನು ಓದುವ ಮೇಜಿನ ಎದುರು ಅಂಟಿಸಿಕೊಂಡಿದ್ದಳು. ಸೀಟೇನೋ ಸಿಕ್ಕಿತು. ಅಷ್ಟರಲ್ಲಿ ಅಪ್ಪನ ಮಂಡಿ ಆಪರೇಷನ್ ಬಂತು, ಎತ್ತಿಟ್ಟ ಹಣ ಅದಕ್ಕೆ ಹೋಯಿತು. "ಇರಲಿ ಬಿಡು ಮಾಮ" ಎಂದಳು. ಅಷ್ಟು ಸುಲಭವಾಗಿ ಅಂದದ್ದೇ ನನ್ನನ್ನು ಚುಚ್ಚಿತು.

ವಿಮಾನ ಇದ್ದದ್ದು ರಾತ್ರಿ. ಬೆಳಿಗ್ಗೆಯೇ ಲಗೇಜು ಕಾರಿಗೆ ತುಂಬಿ ಇಬ್ಬರೂ ಹೊರಟೆವು. 2008ರಲ್ಲಿ ಬೇಗಂಪೇಟೆಯಿಂದ ವಿಮಾನಗಳು ಇಲ್ಲಿಗೆ ಬಂದ ಮೇಲೆ ನಮ್ಮಂಥವರಿಗೆ ಶಂಶಾಬಾದ್ ಎಂದರೆ ಏರ್‌ಪೋರ್ಟ್ ಅಷ್ಟೇ. ಊರಿಗೆ ಹೋಗುವಾಗ ಬರುವಾಗ ಎಷ್ಟೋ ಸಲ ದಾಟಿದ್ದೇನೆ, ಇಳಿದು ನೋಡಿರಲಿಲ್ಲ.

ಮೊದಲು ಅಮ್ಮಪಲ್ಲಿಯ ಸೀತಾರಾಮಚಂದ್ರ ದೇವಸ್ಥಾನ. ಎತ್ತರದ ಗೋಪುರ, ಪಕ್ಕದಲ್ಲಿ ಕಮಾನುಗಳ ಮಂಟಪವಿರುವ ಹಳೆಯ ಕಲ್ಯಾಣಿ. ತೆಲುಗು ಸಿನಿಮಾದವರಿಗೆ ಅಚ್ಚುಮೆಚ್ಚಿನ ಜಾಗ. ಅವತ್ತೂ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದಿತ್ತು. "ಕಮಾನುಗಳು ಸಿಕ್ಕವಲ್ಲ ಮಾಮ, ಬಣ್ಣ ಮಾತ್ರ ಬೇರೆ" ಎಂದು ನಕ್ಕಳು. ಮೆಟ್ಟಿಲ ಮೇಲೆ ಕೂತು ಬುತ್ತಿಯ ಚಿತ್ರಾನ್ನ ತಿಂದೆವು.

ಅಲ್ಲಿಂದ ಮುಚ್ಚಿಂತಲಕ್ಕೆ. 2022ರ ಫೆಬ್ರವರಿ 5ರಂದು ಪ್ರಧಾನಿ ಉದ್ಘಾಟಿಸಿದ ರಾಮಾನುಜಾಚಾರ್ಯರ ಪಂಚಲೋಹದ ಪ್ರತಿಮೆ, ಪೀಠ ಸೇರಿ 216 ಅಡಿ. ಸುತ್ತಲೂ 108 ದಿವ್ಯದೇಶಗಳ ಮಾದರಿ ಗುಡಿಗಳು. ಅಕ್ಕನ ಮನೆ ಪಾಂಡವಪುರದಲ್ಲಿ. ಹಾಗಾಗಿ ಪುಟ್ಟಿ ಒಂದೊಂದೇ ಹೆಸರು ಓದುತ್ತಾ ಮೇಲುಕೋಟೆಯನ್ನು ಹುಡುಕಿದಳು. ಇರಲಿಲ್ಲ. ಆಳ್ವಾರರು ಹಾಡಿದ ಕ್ಷೇತ್ರಗಳು ಮಾತ್ರ ಆ ಪಟ್ಟಿಯಲ್ಲಿವೆ, ಕರ್ನಾಟಕದ್ದು ಒಂದೂ ಇಲ್ಲ. "ಹನ್ನೆರಡು ವರ್ಷ ನಮ್ಮೂರ ಹತ್ತಿರ ಇದ್ದರಂತಲ್ಲ, ಇದ್ಯಾವ ನ್ಯಾಯ?" ಎಂದು ಮುಖ ಊದಿಸಿಕೊಂಡಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ನೆರಳಿಗೆ ಓಡಿದೆವು.

ನೆರಳಲ್ಲಿ ಕೂತಾಗ ನಮ್ಮಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಮೇಲುಕೋಟೆಯ ಉತ್ಸವಮೂರ್ತಿ ದೆಹಲಿಯ ಸುಲ್ತಾನನ ಅರಮನೆ ಸೇರಿತ್ತಂತೆ. ರಾಮಾನುಜರು ಅಲ್ಲಿಯವರೆಗೆ ಹೋಗಿ, ಮಗುವನ್ನು ಕರೆದಂತೆ "ಬಾರೋ ಚೆಲುವಪಿಳ್ಳೆ" ಎಂದರಂತೆ. ಅದು ನಡೆದು ಬಂದು ಅವರ ತೊಡೆಯೇರಿತಂತೆ. ಹಿಂದೆಯೇ ಸುಲ್ತಾನನ ಮಗಳೂ ಬಂದಳಂತೆ. ಬೀಬಿ ನಾಚ್ಚಿಯಾರ್ ಎಂದು ಅವಳಿಗೆ ಮೇಲುಕೋಟೆಯಲ್ಲಿ ಇವತ್ತಿಗೂ ಪೂಜೆಯಿದೆ. ಇತಿಹಾಸದ ಲೆಕ್ಕಕ್ಕೆ ಈ ಕಥೆ ಹೊಂದುವುದಿಲ್ಲ, ದೆಹಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ, ರಾಮಾನುಜರ ಕಾಲದ ನಂತರ. ಆದರೂ ಹೇಳಿದೆ.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾನೂ ದೆಹಲಿಗೇ ಹೋಗ್ತಿರೋದು. ಬಾರೇ ಅಂತ ಕರೀತೀಯಾ?"

"ನಿನ್ನನ್ನು ಕರೆಯೋಕೆ ಫೋನ್ ಸಾಕು" ಎಂದೆ. ಗಂಟಲು ಕಟ್ಟಿತ್ತು.

ಡಿಪಾರ್ಚರ್ ಗೇಟಿನಲ್ಲಿ ಕೈಬೀಸಿ ಒಳಹೋದವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು.

ಮನೆಗೆ ಬಂದು ಅವಳ ಕೋಣೆಯ ದೀಪ ಹಾಕಿದೆ. ಮೇಜಿನ ಎದುರಿನ ಗೋಡೆ ಖಾಲಿ. ಕ್ಯೋಟೋದ ಚಿತ್ರವನ್ನು ಕಿತ್ತು ಜೊತೆಗೇ ಒಯ್ದಿದ್ದಳು. ಅಂದರೆ ನನ್ನ ಮಾತು ಇನ್ನೂ ಬಾಕಿ ಇದೆ. ಸಮಾಧಾನವಾಯಿತು.