ಅಮ್ಮ ಹೇಳಿದ ರೇಟು

"ಎಷ್ಟಾಯ್ತು ಅಕ್ಕಾ?" ಅಂತ ಯಾರಾದರೂ ಕೇಳಿದರೆ ಅಮ್ಮ ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಸುಮ್ಮನೆ ನಗುತ್ತಾಳೆ. "ನಿಮಗೆ ಕಂಡಷ್ಟು ಕೊಡಿ" ಅನ್ನುತ್ತಾಳೆ. ಕಂಡಷ್ಟು ಅಂದರೆ ಒಬ್ಬರಿಗೆ 300 ಕಂಡಿದೆ, ಇನ್ನೊಬ್ಬರಿಗೆ 500. ಪುಂಜಾಲಕಟ್ಟೆ ಕಡೆಯ ಒಬ್ಬರಿಗೆ ಒಂದು ಹಲಸಿನ ಹಣ್ಣು, ಎರಡು ತೆಂಗಿನಕಾಯಿ ಕಂಡಿತ್ತು. ಹಣ್ಣು ಒಳ್ಳೆಯದಿತ್ತು, ಅದು ಬೇರೆ ಮಾತು.

ನಮ್ಮ ಮನೆ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಸಿದ್ದಕಟ್ಟೆಯಿಂದ ಸ್ವಲ್ಪ ಒಳಗೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಾನು ಜಗಲಿಯ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ಅಮ್ಮ ಇನ್ನೊಂದು ಮೂಲೆಯಲ್ಲಿ ಚಾಪೆ ಹಾಸಿ ಸೀರೆಗಳ ಮುಂದೆ. ಹಳೆಯ ಕಾಟನ್ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಹೊಲಿಗೆ ಹಾಕಿ ಹೊದಿಕೆ ಮಾಡುವುದು ಅವಳು ಅಜ್ಜಿಯಿಂದ ಕಲಿತ ಕೆಲಸ. ಉತ್ತರ ಕರ್ನಾಟಕದವರು ಕೌದಿ ಅನ್ನುವುದು ಇದನ್ನೇ. ನಮ್ಮಲ್ಲಿ ಅದಕ್ಕೆ ಅಂಥ ಚಂದದ ಹೆಸರಿಲ್ಲ, ಸೀರೆ ಹೊದಿಕೆ ಅಷ್ಟೆ. ಮೊದಲು ಮನೆಗೆ ಮಾತ್ರ ಹೊಲಿಯುತ್ತಿದ್ದಳು. ಚಿಕ್ಕಮ್ಮನ ಮಗಳ ಬಾಣಂತನಕ್ಕೆ ಒಂದು ಕೊಟ್ಟದ್ದೇ ಶುರು, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಅಂತ ಬಾಯಿಂದ ಬಾಯಿಗೆ ಹೋಗಿ ಈಗ ತಿಂಗಳಿಗೆ ಮೂರು ನಾಲ್ಕು ಚೀಲ ಸೀರೆ ಮನೆಗೆ ಬರುತ್ತದೆ.

ಒಂದು ಭಾನುವಾರ ಅವಳ ಪಕ್ಕ ಕುಳಿತು ಮೊಬೈಲ್‌ನಲ್ಲಿ ಸಮಯ ಹಿಡಿದೆ. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ ಪಕ್ಕಪಕ್ಕ ಜೋಡಿಸಿದರೆ ಇಬ್ಬರು ಮಲಗುವಷ್ಟು ಅಗಲ. ಹಾಗೆ ಐದು ಸೀರೆ, ಐದು ಪದರ. ಅಂಚು ಮಡಚಿ ಮುಗಿಸಿದ ಮೇಲೆ 84 ಇಂಚು ಅಗಲ, 90 ಇಂಚು ಉದ್ದ. ಅಮ್ಮ ಇಂಚಿಗೊಂದು ಸಾಲು ಹಾಕುತ್ತಾಳೆ, ಅಂದರೆ 84 ಸಾಲು. ಒಂದು ಸಾಲಿಗೆ 25 ನಿಮಿಷ. ಒಟ್ಟು 35 ಗಂಟೆ! ಆ 500 ರೂಪಾಯಿಯನ್ನು 35ರಿಂದ ಭಾಗಿಸಿದರೆ ಗಂಟೆಗೆ 14 ರೂಪಾಯಿ ಚಿಲ್ಲರೆ, ಅದರಲ್ಲೇ ನೂಲಿನ ದುಡ್ಡೂ ಹೋಗಬೇಕು. ಬೀಡಿ ಕಟ್ಟಿದ್ದರೂ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು.

ನನಗೆ ಸಿಟ್ಟು ಬಂತು. ಎಕ್ಸೆಲ್ ತೆರೆದೆ, ನನಗೆ ಸಿಟ್ಟು ಬಂದಾಗ ಗೊತ್ತಿರುವುದು ಅದೊಂದೇ.

ಬೇರೆಯವರು ಹೇಗೆ ದರ ಹಾಕುತ್ತಾರೆ ಅಂತ ಹುಡುಕಿದಾಗ ಅಮೆರಿಕದ ಲಾಂಗ್‌ಆರ್ಮ್ ಹೊಲಿಗೆಯ ವಿಷಯ ಸಿಕ್ಕಿತು. ಮಂಚಕ್ಕಿಂತ ದೊಡ್ಡ ಚೌಕಟ್ಟಿನ ರೋಲರ್‌ಗಳಿಗೆ ಬಟ್ಟೆ ಬಿಗಿದು, ಉದ್ದ ತೋಳಿನ ಯಂತ್ರವನ್ನೇ ಅದರ ಮೇಲೆ ಓಡಿಸುತ್ತಾರೆ. ತುಂಡು ಜೋಡಿಸಿದ ಮೇಲ್ಪದರವನ್ನು ಗಿರಾಕಿಗಳೇ ಮಾಡಿ ತರುತ್ತಾರೆ, ಪದರಗಳನ್ನು ಸೇರಿಸಿ ಹೊಲಿದು ಕೊಡುವುದು ಇವರ ಕೆಲಸ. ದರ ಚದರ ಇಂಚಿನ ಲೆಕ್ಕದಲ್ಲಿ. ಸಾದಾ ವಿನ್ಯಾಸಕ್ಕೆ ಚದರ ಇಂಚಿಗೆ 2 ಸೆಂಟ್ ಅಂತಿಟ್ಟುಕೊಂಡರೂ ಅಮ್ಮನ ಹೊದಿಕೆಗೆ 151 ಡಾಲರ್, ನಮ್ಮ ದುಡ್ಡಿನಲ್ಲಿ 12 ಸಾವಿರ ದಾಟುತ್ತದೆ. ಅಮ್ಮನಿಗೆ ಹೇಳಿದೆ. "ಹನ್ನೆರಡು ಸಾವಿರ ಕೊಡುವವರು ಹೊಸ ಮಂಚವನ್ನೇ ತೆಗೊಳ್ತಾರೆ ಮಾರಾಯ್ತಿ" ಅಂದಳು.

ಆ ಲೆಕ್ಕ ಇಲ್ಲಿಗೆ ಆಗುವುದಿಲ್ಲ, ಸರಿ. ಆದರೆ ಒಂದು ವಿಷಯ ಮಾತ್ರ ನಮ್ಮದೂ ಅವರದೂ ಒಂದೇ: ಬಟ್ಟೆ ಗಿರಾಕಿಯದ್ದು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ಧಿ ಹೆಂಗಸರ ಕೌದಿಗಳು ವಿದೇಶದವರೆಗೆ ಹೋಗಿವೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುವ ಅವರ ಹೊಲಿಗೆಯ ಫೋಟೋಗಳನ್ನು ಅಮ್ಮನಿಗೆ ತೋರಿಸಿದ್ದೇನೆ, ತುಂಬಾ ಹೊತ್ತು ನೋಡಿದಳು. ಮಾರುವುದಕ್ಕೆಂದೇ ಹೊಲಿದ ಕೌದಿಯನ್ನು ಒಬ್ಬರು ಬೇಡವೆಂದರೆ ಇನ್ನೊಬ್ಬರು ಕೊಳ್ಳಬಹುದು. ಯಾರದೋ ಅಮ್ಮನ ಸೀರೆಯ ಹೊದಿಕೆಯನ್ನು ಇನ್ಯಾರಿಗೆ ಮಾರುವುದು? ಹಾಗಾಗಿ ಬೆಲೆ ಮೊದಲೇ ಹೇಳಲೇಬೇಕು.

ಮೂಡುಬಿದಿರೆಯ ಟೈಲರ್ ಒಬ್ಬರನ್ನು ಕೇಳಿದೆ. ಅವರು ಮಿಷನ್‌ನಲ್ಲಿ ಮೂರು ಇಂಚಿಗೊಂದು ಹೊಲಿಗೆ ಹಾಕಿ 700ಕ್ಕೆ ಕೊಡುತ್ತಾರಂತೆ. ಕಡೆಗೆ ನಾನು ಹಿಡಿದದ್ದು ಉದ್ಯೋಗ ಖಾತರಿಯ ಕೂಲಿ. 2025-26ಕ್ಕೆ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ. 35 ಗಂಟೆ ಅಂದರೆ ಹೆಚ್ಚುಕಡಿಮೆ ನಾಲ್ಕೂವರೆ ದಿನ, 1,665. ನೂಲು, ಸೂಜಿ ಸೇರಿಸಿ 1,800. ಇದಕ್ಕಿಂತ ಕಡಿಮೆಯಾದರೆ ಅಮ್ಮ ತೋಡು ಅಗೆಯಲು ಹೋಗುವುದೇ ಲಾಭ ಅಂತ ವಾದಿಸಿದೆ.

ಅಮ್ಮ ಒಪ್ಪಲಿಲ್ಲ. ಎರಡು ದಿನ ನಮ್ಮಿಬ್ಬರಿಗೂ ಮಾತಿಲ್ಲ. ಮೂರನೇ ದಿನ ರಾತ್ರಿ ಪಾತ್ರೆ ತೊಳೆಯುತ್ತಾ ಹೇಳಿದಳು, "ನಾನು ಇಷ್ಟು ವರ್ಷದಲ್ಲಿ ಒಂದಕ್ಕೂ ರೇಟು ಹೇಳಿದವಳಲ್ಲ. ಹೇಳಲಿಕ್ಕೆ ಬಾಯಿ ಬರುವುದಿಲ್ಲ."

ನಿಜವೇ. ನಾನು ಹುಟ್ಟುವ ಮೊದಲಿನಿಂದ, ನಾನು ಎಂಜಿನಿಯರಿಂಗ್ ಮುಗಿಸುವವರೆಗೆ ಅಮ್ಮ ಬೀಡಿ ಕಟ್ಟಿದವಳು. ಸಾವಿರ ಬೀಡಿಗೆ ಇಷ್ಟು ಅಂತ ಎಲ್ಲೋ ತೀರ್ಮಾನವಾಗಿರುತ್ತಿತ್ತು. ಬ್ರಾಂಚಿಗೆ ಕಟ್ಟುಗಳನ್ನು ಕೊಂಡುಹೋದರೆ ಅಲ್ಲಿ ಕುಳಿತವರು ಬಿಚ್ಚಿ ನೋಡಿ, ಸರಿಯಿಲ್ಲ ಅಂದದ್ದನ್ನು ಬದಿಗೆ ಹಾಕಿ, ಉಳಿದದ್ದನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಸಣ್ಣವಳಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಬದಿಗೆ ಹಾಕಿದ್ದು ಯಾಕೆ ಅಂತ ಅವಳು ಕೇಳಿದ್ದು ನನಗೆ ನೆನಪಿಲ್ಲ.

ನಗಬೇಡಿ, ನನ್ನದೂ ಅದೇ ಕಥೆ. ಮೊದಲ ಕೆಲಸ ಬಿಟ್ಟು ಎರಡನೆಯದಕ್ಕೆ ಸೇರುವಾಗ ಎಚ್‌ಆರ್ "ನಿಮ್ಮ ನಿರೀಕ್ಷೆ ಎಷ್ಟು?" ಅಂದಾಗ "ಕಂಪನಿ ನಿಯಮದ ಪ್ರಕಾರ" ಅಂದಿದ್ದೆ. ನಿಮಗೆ ಕಂಡಷ್ಟು ಕೊಡಿ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದೇ ಕೆಲಸಕ್ಕೆ ಪಕ್ಕದ ಸೀಟಿನವನಿಗೆ ಎಷ್ಟು ಸಿಗುತ್ತಿದೆ ಅಂತ ಗೊತ್ತಾದದ್ದು ಒಂದು ವರ್ಷದ ನಂತರ.

ಅಷ್ಟರಲ್ಲಿ ಮಡಂತ್ಯಾರು ಕಡೆಯಿಂದ ಒಬ್ಬರು ವಾಟ್ಸ್ಆ್ಯಪ್‌ನಲ್ಲಿ ಕೇಳಿದರು. ತೀರಿಹೋದ ಅಮ್ಮನ ಆರು ಸೀರೆಗಳಿವೆ, ಹೊದಿಕೆ ಮಾಡಿಸಬೇಕು, ಎಷ್ಟಾಗುತ್ತದೆ? ಮೆಸೇಜ್ ನೋಡುವುದು ನನ್ನ ಕೆಲಸ. ಅಮ್ಮನಿಗೆ ಹೇಳದೆ 1,800 ಅಂತ ಟೈಪ್ ಮಾಡಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಕೊನೆಗೆ ಅಮ್ಮನಿಗೆ ಹೇಳಬೇಕಾಯಿತು.

"ಸತ್ತವರ ಸೀರೆ ತರುವವರ ಹತ್ತಿರ ವ್ಯಾಪಾರವಾ?" ಅಂದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಲೆಕ್ಕ ಸರಿಯೇ ಇತ್ತು, ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶನಿವಾರ ಆ ಹೆಂಗಸು ತಾವೇ ಬಂದರು. ಮಳೆ ಬಿಟ್ಟಿತ್ತು. ಬಸ್ಸಿಳಿದು ನಡೆದು ಬಂದಿದ್ದರು, ಕೈಯಲ್ಲಿ ಜವಳಿ ಅಂಗಡಿಯ ಹಳೆಯ ಚೀಲ. "ಅಷ್ಟು ಕೊಡುವುದು ನಮಗೆ ಕಷ್ಟ. ಮೊಮ್ಮಗುವಿಗೆ ಆಗುವಷ್ಟು ಸಣ್ಣದು ಮಾಡಬಹುದಾ?" ಅಂತ ನೇರವಾಗಿ ಕೇಳಿದರು. ಚೌಕಾಸಿ ಇಲ್ಲ, ಬೇಸರವೂ ಇಲ್ಲ. ನಾಲ್ಕು ದಿನ ನಾವು ಇಲ್ಲಿ ಒದ್ದಾಡಿದ್ದೇ ದಂಡ.

ಅಮ್ಮ ಆರೂ ಸೀರೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಎರಡು ಸಿಂಥೆಟಿಕ್, ಅದು ಬೇಡ, ಜಾರುತ್ತದೆ, ಮಗುವಿಗೆ ಸೆಕೆಯಾಗುತ್ತದೆ ಅಂತ ವಾಪಸು ಕೊಟ್ಟಳು. ಒಂದು ನೀಲಿ ವಾಯಿಲ್ ಸೀರೆ ಮಾತ್ರ ಕೈಯಲ್ಲೇ ಉಳಿಯಿತು. ತೊಳೆದು ತೊಳೆದು ಈರುಳ್ಳಿ ಸಿಪ್ಪೆಯಂತಾಗಿತ್ತು, ಒಂದು ಕಡೆ ಇಸ್ತ್ರಿ ಸುಟ್ಟ ಗುರುತು. "ಇದೇ ಮೇಲೆ ಬರಬೇಕು" ಅಂದರು ಅವರು. "ಸುಟ್ಟದ್ದು ನಾನೇ, ಹೈಸ್ಕೂಲಿನಲ್ಲಿದ್ದಾಗ. ಅದು ಕಾಣುವ ಹಾಗೆ ಇರಲಿ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 36 ಇಂಚು, 45 ಇಂಚು, ಒಂದು ದಿನದ ಕೆಲಸ, ನೂಲು ಸೇರಿ 420. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಆರುನೂರು ಆಗ್ತದೆ" ಅಂದಳು. ತಲೆ ಎತ್ತಿಯೇ ಅಂದಳು. "ಈ ಬಟ್ಟೆ ಹಾಗೇ ಹೊಲಿದರೆ ಹರಿಯುತ್ತದೆ. ಹಿಂದಿನಿಂದ ಇನ್ನೊಂದು ಬಟ್ಟೆ ಕೊಟ್ಟು, ಸುಟ್ಟ ಕಡೆ ಒತ್ತೊತ್ತಾಗಿ ಹಾಕಬೇಕು. ಎರಡು ವಾರ ಬೇಕು."

ಅವರು ಪರ್ಸ್ ತೆಗೆದು 300 ಮುಂಗಡ ಕೊಟ್ಟರು. ಕಾಫಿ ಕುಡಿದು ಐದರ ಬಸ್ಸಿಗೆ ಹೋದರು.

"ಹೆಚ್ಚಾಯ್ತಾ?" ಅಂತ ಅಮ್ಮ ನನ್ನನ್ನು ಕೇಳಿದಳು. ಇಲ್ಲ ಅಂದೆ. ಎಕ್ಸೆಲ್‌ನಲ್ಲಿ "ಬಟ್ಟೆಯ ಸ್ಥಿತಿ" ಅಂತ ಹೊಸ ಕಾಲಂ ಹಾಕಿ, ಇದಕ್ಕೆ ಎಷ್ಟು ಬರೆಯಲಿ ಅಂತ ಕೇಳಿದೆ.

"ನೋಡಿ ಹೇಳ್ತೇನೆ ಅಂತ ಬರಿ" ಅಂದು ಅವಳು ನೀಲಿ ಸೀರೆಯನ್ನು ನೆನೆಹಾಕಲು ಎದ್ದಳು.