ಹಾಯಿದೋಣಿಯ ಮನೆವಾರ್ತೆ

ಬಯಲುಸೀಮೆಯ ನಮ್ಮ ಮೋರಟಗಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹರಿಗೋಲಿನಲ್ಲಿ ಭೀಮಾನದಿಯನ್ನು ದಾಟಿದ್ದೇ ನಮ್ಮ ಹಿರಿಯರ ಜಲಯಾನ. ಆದರೂ ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ಹಗಲಿರುಳು ಸಮುದ್ರದ ಮಾತೇ ನಡೆದಿದೆ. ನನ್ನ ತಮ್ಮನ ಮಗಳು ನೌಕಾದಳದ ಅಧಿಕಾರಿಯಾಗಲು ಆಯ್ಕೆಯಾಗಿ, ಕೇರಳದ ಎಳಿಮಲದಲ್ಲಿರುವ ನೌಕಾ ವಿದ್ಯಾಲಯಕ್ಕೆ ಹೊರಡಬೇಕಾಗಿದೆ. "ದೊಡ್ಡಪ್ಪಾ, ಮುಂದೊಂದು ದಿನ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬರಬೇಕು" ಎಂದು ಅವಳು ಹೇಳಿದಂದಿನಿಂದ ಅವಳ ತಾಯಿಗೆ ನಿದ್ರೆಯಿಲ್ಲ. ತಮ್ಮನಾದರೋ "ಅಣ್ಣಾ, ನೀ ಹೇಳಿದಂತೆ ಆಗಲಿ" ಎಂದು ಭಾರವನ್ನೆಲ್ಲ ನನ್ನ ಮೇಲೆ ಹೊರಿಸಿದನು.

ನಂಟರೊಬ್ಬರು ಶಾಸ್ತ್ರದ ಅಡ್ಡಿಯನ್ನು ತಂದರು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಕಗಳಲ್ಲಿ ಎಣಿಸಿರುವದು ನಿಜ. ಆದರೆ ಅದು ಉತ್ತರದೇಶದವರ ಆಚಾರವೆಂದು ಅದೇ ಗ್ರಂಥವು ಬೇರೊಂದೆಡೆ ಹೇಳುತ್ತದೆ. ನಿಷೇಧವಿದ್ದರೂ ಜನರು ಹೋಗಿಬರುತ್ತಿದ್ದರೆಂದೇ ಇದರ ಅರ್ಥವಲ್ಲವೆ? ಅದಕ್ಕೂ ಹಿಂದಿನ ಋಗ್ವೇದದಲ್ಲಿ ತುಗ್ರನ ಮಗನಾದ ಭುಜ್ಯುವನ್ನು ಅಶ್ವಿನೀದೇವತೆಗಳು ನೂರು ಹುಟ್ಟುಗಳ ನಾವೆಯಲ್ಲಿ ಕಡಲಿನಿಂದ ಪಾರುಮಾಡಿದ ಕಥೆಯಿದೆ. ಶಾಸ್ತ್ರದ ಮಾತು ಅಲ್ಲಿಗೆ ಮುಗಿಯಿತು.

ಹುಡುಗಿಯ ಆಸೆ ಬರಿಯ ಕನಸೂ ಅಲ್ಲ. 2009–10ರಲ್ಲಿ ದಿಲೀಪ ದೊಂದೆಯವರು 'ಮ್ಹಾದೇಯಿ' ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿದರು. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಹೊಳೆಯ ಹೆಸರೇ ಆ ದೋಣಿಗೆ. 2017ನೆಯ ಸೆಪ್ಟೆಂಬರ 10ರಂದು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಂದಿ ಸ್ತ್ರೀಯರು 56 ಅಡಿ ಉದ್ದದ 'ತಾರಿಣಿ'ಯಲ್ಲಿ ಗೋವೆಯಿಂದ ಹೊರಟು, 21,600 ನಾವಿಕ ಮೈಲುಗಳಿಗೂ ಹೆಚ್ಚು ದೂರ ಸಾಗಿ, 254 ದಿವಸಗಳ ಮೇಲೆ 2018ನೆಯ ಮೇ 21ರಂದು ಮರಳಿದರು. 2024ನೆಯ ಅಕ್ಟೋಬರ 2ರಂದು ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಹೊರಟು 2025ನೆಯ ಮೇ 29ಕ್ಕೆ ತಿರುಗಿ ಬಂದರು. ತಾರಿಣಿಯೆಂದರೆ ದಾಟಿಸುವವಳು, ಹೆಸರಿಟ್ಟವರು ಅರ್ಥವರಿತೇ ಇಟ್ಟಿದ್ದಾರೆ.

ಇಂಥ ದೋಣಿಯ ಬಾಳನ್ನು ಕುರಿತು ಓದುತ್ತ ಹೋದಂತೆ, ಅದು ಸಾಹಸಕ್ಕಿಂತ ಹೆಚ್ಚಾಗಿ ಬಿಗಿಯಾದ ಮನೆವಾರ್ತೆಯೆಂದು ನನಗೆ ತೋರಿತು. ಸುತ್ತಲೂ ನೀರು, ಕುಡಿಯಲು ಮಾತ್ರ ಹನಿಯಿಲ್ಲ. ಉಪ್ಪುನೀರನ್ನು ಸಿಹಿಮಾಡುವ ಯಂತ್ರವಿದ್ದರೂ ಅದು ಕೆಟ್ಟೀತೆಂಬ ಎಚ್ಚರ ಬೇಕು. ಮಳೆ ಬಂದರೆ ಹಾಯಿಯಿಂದ ಇಳಿಯುವ ನೀರನ್ನು ಹಿಡಿದಿಡುವದುಂಟು. ಪಾತ್ರೆಗಳಿಗೆ ಸಮುದ್ರದ ನೀರೇ ಸಾಕು. ದೋಣಿ ಎತ್ತ ವಾಲಿದರೂ ಗಡಿಗೆ ಉರುಳದಂತೆ ಒಲೆಯನ್ನು ತೊಟ್ಟಿಲಿನ ಹಾಗೆ ತೂಗಬಿಟ್ಟಿರುವರು. ಮಲಗಿದವರು ಬೀಳದಂತೆ ಹಾಸಿಗೆಯ ಬದಿಗೆ ಬಟ್ಟೆಯನ್ನು ಬಿಗಿಯುವರು. ಒಬ್ಬರು ಮಲಗಿದಾಗ ಇನ್ನೊಬ್ಬರು ಪಾಳಿಯಂತೆ ಕಾಯಬೇಕು. ಸಲಕರಣೆಯನ್ನು ಇದ್ದಲ್ಲೇ ಇಡಬೇಕು. ಕತ್ತಲಲ್ಲಿ ಹಗ್ಗ ಕೈಗೆ ಸಿಕ್ಕದಿದ್ದರೆ ಪ್ರಾಣಕ್ಕೇ ಅಪಾಯ. ಎದುರುಗಾಳಿಯಲ್ಲಿ ನೇರವಾಗಿ ನುಗ್ಗಲಾಗದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಿಯೇ ಮುಂದುವರಿಯಬೇಕು. ಜಗಳವಾಡಿದರೆ ಎದ್ದುಹೋಗಲು ಬೇರೆ ಕೋಣೆಯಿಲ್ಲ, ತವರುಮನೆಯೂ ಇಲ್ಲ!

ಈ ಪಾಠಗಳಲ್ಲಿ ಹಲವನ್ನು ನಮ್ಮ ಹುಡುಗಿ ಕಲಿತೇ ಇದ್ದಾಳೆ. ನಲ್ಲಿಗೆ ನೀರು ಬಂದ ದಿವಸ ತುಂಬಿದ ಕೊಡಗಳನ್ನು ಎಣಿಸಿ ಬಳಸುವ ಮನೆ ನಮ್ಮದು. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಎಮ್ಮೆಗೆ ಸೇರುವದು. ಮಳೆ ಕೈಕೊಟ್ಟ ವರ್ಷ ಜೋಳದ ಚೀಲಕ್ಕೆ ಲೆಕ್ಕವಿಟ್ಟು ಒಲೆ ಹೊತ್ತಿಸಿದವಳು ಅವಳ ತಾಯಿ. ಬರಗಾಲದ ನೆಲವು ಕಡಲಿಗೆ ಬೇಕಾದ ಶಿಷ್ಯೆಯನ್ನು ತಯಾರುಮಾಡಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಹಾಗೆಂದು ಅಪಾಯವನ್ನು ಮರೆಮಾಚುವದು ಹಿರಿಯರಿಗೆ ಒಪ್ಪುವದಿಲ್ಲ. 'ತಾರಿಣಿ'ಯ ಮೊದಲ ಪ್ರದಕ್ಷಿಣೆಯಲ್ಲೇ ಚುಕ್ಕಾಣಿಯ ಯಂತ್ರ ಕೆಟ್ಟು ಮಾರಿಷಸ್ಸಿನಲ್ಲಿ ತಂಗಬೇಕಾಯಿತು. 2018ನೆಯ ಸೆಪ್ಟೆಂಬರಿನಲ್ಲಿ ಒಂಟಿಯಾಗಿ ಸಾಗುತ್ತಿದ್ದ ಅಭಿಲಾಷ ಟೋಮಿಯವರ ದೋಣಿಯ ಕಂಬ ಬಿರುಗಾಳಿಗೆ ಮುರಿದು, ಅವರ ಬೆನ್ನೆಲುಬಿಗೆ ಪೆಟ್ಟಾಯಿತು. ಮೂರು ದಿವಸಗಳ ಮೇಲೆ ಫ್ರೆಂಚರ ಹಡಗೊಂದು ಅವರನ್ನು ರಕ್ಷಿಸಿತು. ಅವರೇ ಮತ್ತೆ ಅದೇ ಪಂದ್ಯಕ್ಕೆ ಇಳಿದು 2023ರಲ್ಲಿ ಎರಡನೆಯವರಾಗಿ ದಡ ಸೇರಿದರು. ಈ ಎರಡು ಸಂಗತಿಗಳನ್ನೂ ನಾನು ಮನೆಯವರೆಲ್ಲರ ಮುಂದೆ ಓದಿ ಹೇಳಿದೆನು.

"ನಡುನೀರಿನಲ್ಲಿ ಅವಳಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರಾರು, ಭಾವನವರೇ?" ಎಂದು ತಾಯಿ ಕೇಳಿದಳು. "ಆ ದೋಣಿಯ ಸಂಸಾರದವರೇ ನೋಡುವರು, ತಂಗೀ, ಅವರಿಗೆ ಜ್ವರ ಬಂದರೆ ನಿನ್ನ ಮಗಳು ನೋಡುವಳು" ಎಂದೆನು. ಅದರಿಂದ ಅವಳ ಅಂಜಿಕೆ ಅಡಗಿತೆಂದು ಹೇಳಲಾರೆ. ಎಷ್ಟಾದರೂ ತಾಯಿಯ ಜೀವ. ನನ್ನ ತೀರ್ಪನ್ನು ಮಾತ್ರ ಕೊಟ್ಟಾಗಿದೆ: ಹುಡುಗಿ ಹೋಗಲಿ. ಮನೆಯಲ್ಲಿ ಕಲಿಸಿದ್ದನ್ನು ಹೊರಗೆ ಬಳಸಗೊಡದಿದ್ದರೆ ಕಲಿಸಿದ್ದಕ್ಕೆ ಫಲವೇನು?

ತಾಯಿ ಇನ್ನೂ ಬಾಯಿಬಿಟ್ಟು ಒಪ್ಪಿಲ್ಲ. ಆದರೆ ನಿನ್ನೆ ಶೇಂಗಾ ಹಿಂಡಿಯನ್ನು ಕುಟ್ಟುತ್ತ, ಉಪ್ಪುಗಾಳಿಯಲ್ಲಿ ಅದು ಎಷ್ಟು ತಿಂಗಳು ಕೆಡದೆ ಉಳಿಯುವದೆಂದು ಮಗಳನ್ನು ಕೇಳುತ್ತಿದ್ದಳು.